ಬೆಳ್ಳಿ ಬಟ್ಟಲು ಬಚ್ಚಿಟ್ಟವರು

ಅನಂತರಾಜಯ್ಯನವರ ಕಮಾನುಗಾಡಿ ನಮ್ಮ ಮನೆಯ ಮುಂದೆ ನಿಂತಾಗ ನಾನಿನ್ನೂ ತಲೆ ಬಾಚಿಕೊಂಡಿರಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಬರುವವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ. ಅದರಲ್ಲೂ ಇವರು ಚನ್ನರಾಯಪಟ್ಟಣದ ಪೇಟೆಯಲ್ಲಿ ಹಿತ್ತಾಳೆ ಪಾತ್ರೆಯ ಅಂಗಡಿ ಇಟ್ಟಿದ್ದ ದೊಡ್ಡ ಮನುಷ್ಯರು, ದಾರಿಯಲ್ಲಿ ಎದುರಾದರೆ ಸ್ಕೂಲಿನ ಹೆಂಗಸರ ಕಡೆ ಕಣ್ಣೆತ್ತಿಯೂ ನೋಡದವರು. ಅಂಥವರು ಆವತ್ತು ನಮ್ಮ ಜಗಲಿಯ ಮೇಲೆ ಕೂತು, ಹೆಗಲವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತ, "ಬಸವಲಿಂಗಮ್ಮನೋರು ಅವ್ರಾ ತಾಯಿ?" ಎಂದು ಕೇಳಿದರು. ತಾಯಿ ಎಂಬ ಮಾತು ಅವರ ಬಾಯಲ್ಲಿ ಬಂದದ್ದು ಕೇಳಿಯೇ ಅವರ ಮನೆಯಲ್ಲಿ ಏನೋ ಅನಾಹುತವಾಗಿದೆ ಎಂದುಕೊಂಡೆ.

ಇದು ನಡೆದದ್ದು ಮೂವತ್ತೆಂಟನೆಯ ಇಸವಿಯಲ್ಲಿ. ಬಸವಲಿಂಗಮ್ಮ ನಮ್ಮ ಹೆಣ್ಣುಮಕ್ಕಳ ಸ್ಕೂಲಿನ ಹೆಡ್‌ಮಿಸ್ಟ್ರೆಸ್. ನಾನು, ವಿಜಯಮ್ಮ, ಅಲ್ಲೇ ಹೊಲಿಗೆ ಕಲಿಸುತ್ತಿದ್ದೆ. ಇಬ್ಬರಿಗೂ ಹಿಂದೆ ಮುಂದೆ ಯಾರೂ ಇಲ್ಲದ್ದರಿಂದ ಒಂದೇ ಬಾಡಿಗೆ ಮನೆಯಲ್ಲಿದ್ದೆವು. ಮಕ್ಕಳ ಮುಖ ನೋಡಿ ಸುಳ್ಳು ಕಂಡುಹಿಡಿಯುವುದು ಅವರಿಗೆ ಮೊದಲು ಕಸುಬಾಗಿತ್ತು, ಆಮೇಲೆ ಚಟವಾಯಿತು. ಹೊಳೆನರಸೀಪುರದ ಮದುವೆಮನೆಯಲ್ಲಿ ಕಾಣೆಯಾದ ಒಡವೆ, ರುದ್ರಪಟ್ಟಣದ ವಿದ್ವಾಂಸರೊಬ್ಬರ ತಂಬೂರಿ, ಎಲ್ಲ ಇವರೇ ಹುಡುಕಿಕೊಟ್ಟದ್ದು. ಪೊಲೀಸಿನವರಿಗೆ ಹೇಳಲಾಗದ್ದನ್ನು ಜನ ಇವರ ಹತ್ತಿರ ತರುತ್ತಿದ್ದರು. ಪ್ರತಿಫಲವಾಗಿ ನಮಗೆ ಸಿಗುತ್ತಿದ್ದದ್ದು ಹೆಚ್ಚೆಂದರೆ ಒಂದು ಕುಂಬಳಕಾಯಿ.

ಅನಂತರಾಜಯ್ಯನವರ ಗೋಳು ಇಷ್ಟು. ಅವರ ಮನೆಯ ದೇವರ ಕೋಣೆಯಲ್ಲಿದ್ದ ಪಂಚಲೋಹದ ಪಾರ್ಶ್ವನಾಥಸ್ವಾಮಿ ಬೆಳಗಾಗುವುದರೊಳಗೆ ಕಾಣೆಯಾಗಿತ್ತು. ಅಂಗೈಯಗಲದ ಮೂರ್ತಿ, ಅವರ ತಾತನ ಕಾಲದ್ದು. ಆ ವಂಶದಲ್ಲಿ ಯಾವ ಹೆಣ್ಣಿನ ನಿಶ್ಚಿತಾರ್ಥವೂ ಆ ಸ್ವಾಮಿಯ ಎದುರಿಗಲ್ಲದೆ ಆಗಿರಲಿಲ್ಲ. ಮಾರನೆಯ ದಿನ ಮಗಳು ರಾಜೀಮತಿಯ ನಿಶ್ಚಿತಾರ್ಥ. ಹಾಸನದಿಂದ ಗಂಡಿನವರು ಬರುವವರಿದ್ದರು. ಗಂಡು ಇಂದ್ರಕುಮಾರ್, ಇಂಟರ್‌ಮೀಡಿಯೆಟ್ ಪಾಸು ಮಾಡಿದ ಹುಡುಗ.

"ಪೊಲೀಸ್ನೋರಿಗೆ ತಿಳಿಸಿದ್ರೆ ನಾಳೆ ಇಷ್ಟೊತ್ತಿಗೆ ಆಸನಕ್ಕೆಲ್ಲ ಗೊತ್ತಾಯ್ತದೆ ಕಣಮ್ಮ. ನಿಮ್ಮ ಕೈಲಿ ಓದಿದ ಉಡುಗಿ ಅದು. ಮಾನ ಉಳಿಸಿ," ಎಂದರು.

ರಾಜೀಮತಿಯ ಹೆಸರು ಕೇಳಿದೊಡನೆ ಬಸವಲಿಂಗಮ್ಮ ಚಪ್ಪಲಿ ಮೆಟ್ಟಿದರು. ನಮ್ಮ ಸ್ಕೂಲಿನಲ್ಲಿ ಓದಿದ ಅಷ್ಟು ಹುಡುಗಿಯರಲ್ಲಿ ಪುಸ್ತಕ ಕಂಡರೆ ಪ್ರಾಣ ಬಿಡುತ್ತಿದ್ದವಳು ಅವಳೊಬ್ಬಳೇ.

ಅವರ ಊರಾದ ಹಿರೀಕೊಪ್ಪಲಿಗೆ ಹೋಗುವ ದಾರಿಯುದ್ದಕ್ಕೂ ಅನಂತರಾಜಯ್ಯ ಮನೆಯವರ ವಿಚಾರ ಹೇಳಿದರು. ಆ ಊರಿಗೆ ಜೈನರ ಮನೆ ಅದೊಂದೇ. ಬಸದಿಗೆ ಎಂದರೆ ಗಾಡಿ ಕಟ್ಟಿಕೊಂಡು ಬೆಳಗೊಳಕ್ಕೆ ಹೋಗಬೇಕು. ಮನೆಯಲ್ಲಿ ಅವರ ಎರಡನೆಯ ಹೆಂಡತಿ ಚಕ್ರೇಶ್ವರಿ, ಮೊದಲನೆಯವರ ಮಗಳು ರಾಜೀಮತಿ, ಅನಂತರಾಜಯ್ಯನವರ ಅಕ್ಕ ಮರುದೇವಿ, ಚಕ್ರೇಶ್ವರಿಯ ತಮ್ಮ ಧರಣೇಂದ್ರಯ್ಯ, ಇಷ್ಟೇ ಜನ. ಮರುದೇವಮ್ಮ ಎಂಟು ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ಅವನ ಮುಖವೂ ನೆನಪಿಲ್ಲದೆ, ತಮ್ಮನ ಮನೆಯಲ್ಲೇ ಬಿಳಿ ಸೀರೆಯುಟ್ಟು ಮುದುಕಿಯಾದವರು. ತಾಯಿ ಸತ್ತ ರಾಜೀಮತಿಯನ್ನು ಎತ್ತಿ ಆಡಿಸಿದವರೂ ಅವರೇ. ಧರಣೇಂದ್ರಯ್ಯ ಭಾವನ ಅಂಗಡಿ ನೋಡಿಕೊಳ್ಳುತ್ತಿದ್ದ. ರಾಜೀಮತಿಯನ್ನು ತನಗೇ ಕೊಡುತ್ತಾರೆಂದು ಕಾದಿದ್ದನಂತೆ. ಇದನ್ನು ಹೇಳುವಾಗ ಅನಂತರಾಜಯ್ಯ ನಮ್ಮ ಮುಖ ನೋಡಲಿಲ್ಲ.

ಮನೆಯಲ್ಲಿ ಬಸವಲಿಂಗಮ್ಮ ಮೊದಲು ಬಾಗಿಲುಗಳನ್ನು ನೋಡಿದರು. ಹೊರಬಾಗಿಲಿಗೂ ಹಿತ್ತಿಲ ಬಾಗಿಲಿಗೂ ಒಳಗಿನಿಂದ ಅಗಳಿ ಹಾಕಿದ್ದು ಬೆಳಗಿನವರೆಗೂ ಹಾಗೇ ಇತ್ತು. ದೇವರ ಕೋಣೆಗೆ ಬರೀ ಚಿಲಕ, ಬೀಗವಿರಲಿಲ್ಲ. ಸಂಜೆ ಮಂಗಳಾರತಿಯಾದ ಮೇಲೆ ಮುಚ್ಚಿದ ಬಾಗಿಲನ್ನು ಬೆಳಗ್ಗೆ ಸ್ನಾನ ಮಾಡಿ ಬಂದ ಅನಂತರಾಜಯ್ಯನವರೇ ತೆಗೆಯಬೇಕು, ಬೇರೆ ಯಾರೂ ಅದಕ್ಕೆ ಕೈ ಹಚ್ಚುವಂತಿರಲಿಲ್ಲ. ಆವತ್ತು ಅವರು ತೆಗೆದಾಗ ಪೀಠ ಖಾಲಿ. ಪಕ್ಕದಲ್ಲಿದ್ದ ಬೆಳ್ಳಿಯ ದೀಪಗಳು ಇದ್ದಂತೆಯೇ ಇದ್ದವು.

"ಹಾಗಾದರೆ ಇವತ್ತು ಬೆಳಗಾದ ಮೇಲೆ ಈ ಮನೆಯಲ್ಲಿ ಯಾರೂ ಸ್ವಾಮಿಯನ್ನು ನೋಡಿಲ್ಲವೇ?" ಎಂದು ಬಸವಲಿಂಗಮ್ಮ ಎಲ್ಲರನ್ನೂ ಒಬ್ಬೊಬ್ಬರಾಗಿ ಕೇಳಿದರು. ಯಾರೂ ನೋಡಿರಲಿಲ್ಲ. ಮರುದೇವಮ್ಮ ಬಾವಿಕಟ್ಟೆಯ ಹತ್ತಿರ ಬಟ್ಟೆಯಲ್ಲಿ ನೀರು ಸೋಸುತ್ತಿದ್ದವರು, ತಲೆಯೆತ್ತದೆ ಇಲ್ಲವೆಂದರು.

ಚಕ್ರೇಶ್ವರಮ್ಮನಿಗೆ ನಾವು ಸಿಕ್ಕಿದ್ದೇ ಸಾಕಾಯಿತು. ಅಡುಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತ ಮನೆಯ ಮೇಲಿದ್ದ ಸಿಟ್ಟನ್ನೆಲ್ಲ ನನ್ನ ಮುಂದೆ ಕಕ್ಕಿದರು. ಮಲಮಗಳು ಹೇಳಿದ ಮಾತು ಕೇಳುವುದಿಲ್ಲ, ಗಂಡ ಅಕ್ಕ ಹಾಕಿದ ಗೆರೆ ದಾಟುವುದಿಲ್ಲ. ಆ ಅಕ್ಕನ ನೇಮನಿಷ್ಠೆ ಒಂದಾ ಎರಡಾ ಎಂದರು. ಹೋದ ವರ್ಷ ದೇವರ ಕೋಣೆಯ ಗಾರೆ ಬಿದ್ದು ಸ್ವಾಮಿಯನ್ನು ಬೆಳಗೊಳಕ್ಕೆ ಒಯ್ದಿದ್ದಾಗ, ಮೂರ್ತಿ ತಿರುಗಿ ಬಂದು ಮುಖ ನೋಡುವವರೆಗೂ ಒಂದು ತೊಟ್ಟು ನೀರು ಬಾಯಿಗೆ ಬಿಡದೆ, ಅತ್ತಿಗೆಯನ್ನು ಉಪವಾಸ ಕೆಡವಿದಳೆಂದು ನೆಂಟರಿಷ್ಟರೆಲ್ಲ ತಮ್ಮನ್ನು ಬೈಯುವಂತೆ ಮಾಡಿದರಂತೆ. ಕಡೆಗೆ ಅವರ ಮಾತು ಜಗಲಿಯ ಪಕ್ಕದ ಕೋಣೆಯಲ್ಲಿದ್ದ ತಗಡಿನ ಪೆಟ್ಟಿಗೆಗೆ ಬಂತು.

"ಎಲ್ಲ ಆ ಪೆಟ್ಗೆ ಬಂದ್ಮೇಲೇ ಕಣ್ರೀ ಈ ಮನೆ ಕೆಟ್ಟಿದ್ದು," ಎಂದರು.

ಪೆಟ್ಟಿಗೆ ಹಾಸನದ ಮಿಷನ್ನಿನವರದು. ಎಸ್ತೇರಮ್ಮ ಎಂಬ ಅರಕಲಗೂಡು ಕಡೆಯ ಹೆಂಗಸು ಅದರ ಒಡತಿ. ಊರೂರಿಗೆ ಗಾಡಿಯಲ್ಲಿ ಹೋಗಿ, ಓದು ಬಲ್ಲ ಹೆಂಗಸರಿಗೆ ಕತೆ ಪುಸ್ತಕಗಳನ್ನು ಎರವಲು ಕೊಡುವುದು ಅವಳ ಕೆಲಸ. ಆ ಸೀಮೆಯ ಪುಸ್ತಕಗಳಿಗೆಲ್ಲ ರಾಜೀಮತಿಯ ಕೋಣೆಯೇ ಠಾಣೆ. ಬುಧವಾರ ಬುಧವಾರ ಎಸ್ತೇರಮ್ಮ ಬಂದು ಪುಸ್ತಕ ಬದಲಾಯಿಸಿಕೊಂಡು ಹೋಗುತ್ತಿದ್ದಳು. ಆವತ್ತೂ ಬುಧವಾರ. ಹುಡುಗಿಗೆ ಮದುವೆ ಗೊತ್ತಾಗುತ್ತಿದ್ದುದರಿಂದ ಅವಳು ಈ ಸಲ ಪೆಟ್ಟಿಗೆಯನ್ನೇ ಒಯ್ಯಲು ಬರುವವಳಿದ್ದಳು.

ಆ ಪುಸ್ತಕಗಳನ್ನು ನಾನೂ ಬಲ್ಲೆ. ಮೊದಲ ಪುಟದಲ್ಲಿ ಪ್ರಾರ್ಥನೆ, ಕಡೆಯ ಪುಟದಲ್ಲಿ ಉಪದೇಶ. ಎರಡರ ನಡುವೆ ಮಾತ್ರ ಸಿಂಹ, ಸೆರೆಮನೆ, ಸುರಂಗ, ನಿಟ್ಟುಸಿರು, ಎಲ್ಲ ಇರುತ್ತಿದ್ದವು. ಅನ್ನದ ಮೇಲಿನ ತುಪ್ಪಕ್ಕಾಗಿ ಅನ್ನ ತಿನ್ನುವ ಮಕ್ಕಳ ಹಾಗೆ ನಾವೆಲ್ಲ ಉಪದೇಶವನ್ನೂ ಸಹಿಸಿಕೊಂಡು ಓದುತ್ತಿದ್ದೆವು.

ಕೋಣೆಯಲ್ಲಿ ಪೆಟ್ಟಿಗೆಯ ಮೇಲೆಯೇ ರಾಜೀಮತಿ ಕೂತಿದ್ದಳು. ಕಣ್ಣು ಊದಿಕೊಂಡಿತ್ತು. ಬೀಗದ ಕೈ ಎಂದಿನಂತೆ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತಂತೆ. ಮೂರ್ತಿ ಹೋಗಿದೆ ಎಂದು ಗದ್ದಲವೆದ್ದಾಗ ಧರಣೇಂದ್ರಯ್ಯ ಪೆಟ್ಟಿಗೆ ತೆಗೆಸಲು ಬಂದನೆಂದೂ, ತಾನು ಬೀಗದ ಕೈ ಕಿತ್ತುಕೊಂಡು ಸೆರಗಿಗೆ ಗಂಟು ಹಾಕಿಕೊಂಡೆನೆಂದೂ ಅವಳೇ ಹೇಳಿದಳು.

"ಪೆಟ್ಟಿಗೆ ಎಸ್ತೇರಮ್ಮನೋರ್ದು ಮೇಡಂ. ಅವ್ರಿಲ್ದಾಗ ಅವ್ರ ಸಾಮಾನು ಜಡ್ತಿ ಮಾಡಕ್ಕೆ ನಾವ್ಯಾರು? ಬರ್ಲಿ, ಅವ್ರೇ ತೆಗೀಲಿ."

"ಸರಿ. ಕಾಯೋಣ," ಎಂದರು ಬಸವಲಿಂಗಮ್ಮ. ಬಾಗಿಲಲ್ಲಿ ನಿಂತಿದ್ದ ಧರಣೇಂದ್ರಯ್ಯ ನಕ್ಕ.

ಕಿಟಕಿಯ ಹಲಗೆಯ ಮೇಲೆ ಚೌಕದ ಬಟ್ಟೆ ಸುತ್ತಿದ ದಪ್ಪನೆಯ ಪುಸ್ತಕವೊಂದಿತ್ತು. ಬಟ್ಟೆಯ ತುದಿಯಲ್ಲಿ ಕಪ್ಪು ಚರ್ಮದ ರಟ್ಟು ಇಣುಕುತ್ತಿತ್ತು. ಅದು ಎಸ್ತೇರಮ್ಮನ ಬೈಬಲ್ಲು, ಯಾವಾಗಲೂ ಪೆಟ್ಟಿಗೆಯ ತಳದಲ್ಲಿರುವುದು, ಜೈನರು ಚರ್ಮ ಮುಟ್ಟಬಾರದೆಂದು ತಾನೇ ಬಟ್ಟೆ ಸುತ್ತಿಟ್ಟದ್ದು ಎಂದಳು ರಾಜೀಮತಿ. ಹೊರಗೆ ಹೇಗೆ ಬಂತೋ ಅವಳಿಗೆ ಗೊತ್ತಿರಲಿಲ್ಲ. ನಿನ್ನೆ ಸಂಜೆ ಅದು ಅಲ್ಲಿರಲಿಲ್ಲ, ರಾತ್ರಿ ಅವಳು ಮಲಗುತ್ತಿದ್ದುದು ನಡುಮನೆಯಲ್ಲಿ.

ಆಮೇಲೆ ಬಸವಲಿಂಗಮ್ಮ, ರಾಜೀಮತಿ ಈಗ ಓದುತ್ತಿದ್ದ ಪುಸ್ತಕ ಯಾವುದೆಂದು ಕೇಳಿದರು. ಅವಳ ಮುಖ ಆ ದಿನ ಬೆಳಗಿದ್ದು ಅದೊಂದೇ ಸಲ. ಪುಸ್ತಕದ ಹೆಸರು 'ಸುರಂಗದ ದೀಪ', ಎರಡು ಭಾಗದ್ದು. ರೋಮಾಪುರದ ಶ್ರೀಮಂತರ ಮನೆಯಲ್ಲಿ ತೆಕ್ಲ ಎಂಬ ದಾಸಿ ಗುಟ್ಟಾಗಿ ಕ್ರಿಸ್ತನನ್ನು ಪೂಜಿಸುತ್ತಾಳೆ. ಮಾರ್ಕ ಎಂಬ ಸೈನಿಕ ಅವಳಿಗೆ ಮನಸ್ಸು ಕೊಟ್ಟಿದ್ದಾನೆ. ಮನೆಯ ಮಗಳಿಗೆ ದೂರದೇಶಕ್ಕೆ ಮದುವೆ. ಮದುವೆಯ ಹಿಂದಿನ ದಿನ ದೇವರ ಮುಂದಿನ ಬೆಳ್ಳಿ ಬಟ್ಟಲು ಕಾಣೆಯಾಗಿ, ತೆಕ್ಲಳ ಬುಟ್ಟಿಯಲ್ಲಿ ಸಿಗುತ್ತದೆ. ಮದುವೆ ನಿಲ್ಲುತ್ತದೆ, ದಾಸಿಯನ್ನು ಹಿಡಿದುಕೊಂಡು ಹೋಗುತ್ತಾರೆ. ಮಾರ್ಕ ಬಿಳಿಯ ಕುದುರೆಯ ಮೇಲೆ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಅಲ್ಲಿಗೆ ಮೊದಲನೆಯ ಭಾಗ ಮುಗಿಯಿತು.

"ಕಂದು ಕುದುರೆ," ಎಂದರು ಮರುದೇವಮ್ಮ. ಸೋಸಿದ ನೀರಿನ ಬಿಂದಿಗೆ ಸೊಂಟದಲ್ಲಿಟ್ಟುಕೊಂಡು ಬಾಗಿಲ ಮುಂದೆ ಹೋಗುತ್ತಿದ್ದವರು, ನಿಂತೇಬಿಟ್ಟಿದ್ದರು. "ಬಿಳೀದು ಅವನ ಒಡೆಯಂದು."

"ಅತ್ತೆ ಹೇಳಿದ್ದೇ ಸರಿ," ಎಂದಳು ರಾಜೀಮತಿ. ದಿನಾ ಮಧ್ಯಾಹ್ನ ಅತ್ತೆಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದಳಂತೆ. ಚಕ್ರೇಶ್ವರಮ್ಮನೂ ಅಲ್ಲೇ ಒರಗಿ ಕೇಳುತ್ತಿದ್ದರು, ಧರಣೇಂದ್ರಯ್ಯ ಅಂಗಡಿಯಿಂದ ಬಂದ ದಿನ ಜಗಲಿಯಲ್ಲಿ ಕೂತು ಕೇಳಿ ಗೇಲಿ ಮಾಡುತ್ತಿದ್ದ. ಮೊದಲ ಭಾಗ ಮುಗಿದದ್ದು ನಿನ್ನೆ ಮಧ್ಯಾಹ್ನ.

ಆಗ ನನಗೆ ಹೊಳೆಯಿತು. ಕತೆಯಲ್ಲಿ ನಡೆದದ್ದೇ ಬೆಳಗಾಗುವುದರೊಳಗೆ ಮನೆಯಲ್ಲೂ ನಡೆದಿತ್ತು. ಹಾಗಿದ್ದರೆ ಮೂರ್ತಿ ಎಲ್ಲಿ ಸಿಗುತ್ತದೆ ಎಂಬುದೂ ಗೊತ್ತಿದ್ದ ಹಾಗೆಯೇ.

ನಡುಹಗಲಿಗೆ ಚಕ್ರೇಶ್ವರಮ್ಮ ಊಟಕ್ಕೆ ಎಬ್ಬಿಸಿದರು. ಅತಿಥಿಗಳನ್ನು ಉಪವಾಸ ಕಳಿಸುವುದುಂಟೆ ಎಂದು ಬಲವಂತ ಮಾಡಿದರು. ಅನಂತರಾಜಯ್ಯ ಬೇಡವೆಂದು ಜಗಲಿಯಲ್ಲೇ ಕೂತರು. ರಾಜೀಮತಿ ಪೆಟ್ಟಿಗೆ ಬಿಟ್ಟು ಏಳಲಿಲ್ಲ. ಬೆಳಗಿನಿಂದ ನೀರೂ ಕುಡಿದಿಲ್ಲ, ತಪ್ಪು ಮಾಡಿದವರಿಗೆ ಗಂಟಲಲ್ಲಿ ಅನ್ನ ಇಳಿಯುವುದು ಹೇಗೆ ಎಂದ ಧರಣೇಂದ್ರಯ್ಯ. ಅವನ ಗಂಟಲಲ್ಲಿ ಮಾತ್ರ ಚೆನ್ನಾಗಿಯೇ ಇಳಿಯುತ್ತಿತ್ತು. ನಮ್ಮ ಊಟ ಮುಗಿಯುವ ಹೊತ್ತಿಗೆ ಮರುದೇವಮ್ಮ ಅಡುಗೆಮನೆಯ ಮೂಲೆಯಿಂದ ಕೈ ತೊಳೆದುಕೊಂಡು ಬಂದು ಮಜ್ಜಿಗೆ ಬಡಿಸಿದರು. ಎರಡನೆಯ ಸಲ ಏನನ್ನೂ ಕೇಳದ ಬಸವಲಿಂಗಮ್ಮ ಆವತ್ತು ಕೇಳಿ ಹಾಕಿಸಿಕೊಂಡು, "ನಿಮ್ಮ ಊಟವಾಯಿತೇ ಅಮ್ಮ?" ಎಂದರು.

"ಆಯ್ತು ಕಣವ್ವ. ಈ ವಯಸ್ಸಿಗೆ ಒತ್ತಿಗೆ ಸರ್ಯಾಗಿ ಒಟ್ಟೆಗೆ ಬೀಳ್ಬೇಕು."

ಬಸವಲಿಂಗಮ್ಮ ಮಜ್ಜಿಗೆಯನ್ನು ಮುಟ್ಟಲೇ ಇಲ್ಲ. ಎಲೆ ಮಡಚುವಾಗ ಅವರ ಮುಖ ಬಾಡಿದ್ದನ್ನು ನೋಡಿ, ಅಡುಗೆ ಒಗ್ಗಲಿಲ್ಲವೇನೋ ಎಂದುಕೊಂಡೆ.

ಹೊತ್ತು ಇಳಿಮುಖವಾದಾಗ ಎಸ್ತೇರಮ್ಮನ ಗಾಡಿ ಬಂತು. ಐವತ್ತರ ಹೆಂಗಸು, ಸವೆದ ನೀಲಿ ಸೀರೆ, ಬಿಸಿಲಿಗೆ ಕಪ್ಪಗಾದ ಮುಖ. ಕಂಕುಳಲ್ಲಿ ಒಂದು ಪುಸ್ತಕ ಹಿಡಿದು ನಗುನಗುತ್ತಾ ಇಳಿದವಳು ಜಗಲಿಯ ಮೇಲಿನ ಜನರನ್ನು ನೋಡಿ ನಿಂತಳು. ಅಷ್ಟರಲ್ಲಿ ಅರ್ಧ ಊರೇ ಅಲ್ಲಿ ಸೇರಿತ್ತು. ವಿಷಯ ಕೇಳಿ, ತಾನೇ ಪೆಟ್ಟಿಗೆ ಹೊರಗೆ ತರಿಸಿ ಬೀಗ ತೆಗೆದಳು. ಪುಸ್ತಕಗಳ ಮೇಲೆ, ಒಗೆದು ಮಡಿಸಿದ ಬಿಳಿ ಬಟ್ಟೆಯ ನಡುವೆ, ಪಾರ್ಶ್ವನಾಥಸ್ವಾಮಿ ಇತ್ತು.

ಯಾರೂ ಏನೂ ಅನ್ನುವ ಮೊದಲೇ ಧರಣೇಂದ್ರಯ್ಯ ಅವಳ ತೋಳು ಹಿಡಿದು ತಳ್ಳಿದ. ಅವಳು ಮೆಟ್ಟಿಲ ಮೇಲೆ ಬಿದ್ದು ತುಟಿ ಒಡೆಯಿತು. ಹುಡುಗಿಯೇ ಕದ್ದುಕೊಟ್ಟಿದ್ದಾಳೆ, ಜಾತಿ ಬಿಟ್ಟು ಹೋಗಲು ತಯಾರಾಗಿದ್ದಾಳೆ ಎಂದು ಜಗಲಿಯ ಮುಂದಿದ್ದವರು ಮಾತಾಡಿಕೊಂಡರು. ಯಾರೋ ಇಬ್ಬರು ಸಂಜೆಯ ಹಾಸನದ ಬಸ್ಸಿಗೆಂದು ಅಲ್ಲಿಂದಲೇ ಪಟ್ಟಣದ ಕಡೆ ಹೊರಟದ್ದನ್ನು ನಾನು ನೋಡಿದೆ. ರಾಜೀಮತಿ ಎಸ್ತೇರಮ್ಮನನ್ನು ಎಬ್ಬಿಸಿ, ಸೆರಗಿನಿಂದ ಅವಳ ರಕ್ತ ಒರೆಸಿದಳು. ಅದನ್ನೂ ಜನ ಸಾಕ್ಷಿಗೆ ಸೇರಿಸಿಕೊಂಡರು.

"ಪೊಲೀಸಿಗೆ ಹೇಳಿಕಳಿಸುವ ಮುಂಚೆ ಮನೆಯವರೆಲ್ಲ ಒಳಗೆ ಬನ್ನಿ," ಎಂದರು ಬಸವಲಿಂಗಮ್ಮ.

ನಡುಮನೆಯಲ್ಲಿ ಎಲ್ಲರೂ ಕೂತರು. ಮೂರ್ತಿಯನ್ನು ಪೀಠಕ್ಕೆ ಸೇರಿಸಿ ಅನಂತರಾಜಯ್ಯ ಬಂದರು. ಮರುದೇವಮ್ಮ ಕಂಬಕ್ಕೆ ಒರಗಿದ್ದರು. ಎಸ್ತೇರಮ್ಮ ಹೊಸ್ತಿಲ ಹತ್ತಿರ, ಅವಳ ಪಕ್ಕದಲ್ಲಿ ರಾಜೀಮತಿ. ಹುಡುಗಿಯ ಕೈ ಆ ಹೆಂಗಸಿನ ಕೈಯೊಳಗಿತ್ತು.

"ಹೊರಗಿನವರು ಒಳಗೆ ಬಂದಿಲ್ಲ. ಅಗಳಿ ಹಾಗೇ ಇತ್ತು," ಎಂದು ಬಸವಲಿಂಗಮ್ಮ ಪಾಠ ಮಾಡುವ ದನಿಯಲ್ಲಿ ಶುರುಮಾಡಿದರು. "ಬೆಳ್ಳಿ ದೀಪ ಮುಟ್ಟದೆ ಮೂರ್ತಿಯನ್ನು ಮಾತ್ರ ತೆಗೆದಿದ್ದಾರೆ. ಅಂದರೆ ಬೇಕಾಗಿದ್ದದ್ದು ಮಾಲಲ್ಲ, ನಾಳೆಯ ನಿಶ್ಚಿತಾರ್ಥ ನಿಲ್ಲಬೇಕಾಗಿತ್ತು. ಎಸ್ತೇರಮ್ಮ ಹೋದ ಬುಧವಾರ ಈ ಮನೆ ಬಿಟ್ಟವರು ಈಗಲೇ ಬಂದದ್ದು. ಅವರು ಇದರಲ್ಲಿಲ್ಲ."

"ರಾಜಿ ಕೈಲಿ ತೆಗೆಸಿರ್ಬೌದಲ್ಲ," ಎಂದ ಧರಣೇಂದ್ರಯ್ಯ.

"ಅದಕ್ಕೂ ಬರುತ್ತೇನೆ. ಪೆಟ್ಟಿಗೆಯ ತಳದಲ್ಲಿದ್ದ ಚರ್ಮದ ರಟ್ಟಿನ ಪುಸ್ತಕ ಕಿಟಕಿಗೆ ಬಂದಿತ್ತು. ಸ್ವಾಮಿಯನ್ನು ಇಡುವವರು, ಚರ್ಮ ಇರುವ ಪೆಟ್ಟಿಗೆಯಲ್ಲಿ ಇಡಲಾರದೆ ಅದನ್ನು ಹೊರಗೆ ತೆಗೆದಿಟ್ಟರು. ಒಗೆದ ಬಟ್ಟೆ ಹಾಸಿದರು. ಕದಿಯುವಾಗಲೂ ಭಕ್ತಿ ಬಿಡದವರು ಅವರು. ಧರಣೇಂದ್ರಯ್ಯನವರೇ, ನಿಮಗೆ ಈ ಮದುವೆ ನಿಲ್ಲುವುದು ಬೇಕಾಗಿತ್ತು, ನಾನು ಬಲ್ಲೆ. ಆದರೆ ನೀವು ಸೊಂಟಕ್ಕೆ ಚರ್ಮದ ಬೆಲ್ಟು ಕಟ್ಟಿಕೊಂಡೇ ಊಟಕ್ಕೆ ಕೂತಿರಿ. ಇಷ್ಟು ಸೂಕ್ಷ್ಮ ನಿಮಗೆಲ್ಲಿಂದ ಬರಬೇಕು?"

ಅವನು ಬೆಲ್ಟಿನ ಮೇಲೆ ಶರಟು ಎಳೆದುಕೊಂಡ.

"ಇನ್ನು ಉಳಿದವರು ಹೆಂಗಸರು ಮೂವರು. ಚಕ್ರೇಶ್ವರಮ್ಮನವರಿಗೆ ಈ ಮಗಳು ಮನೆ ಬಿಟ್ಟು ಹೋದರೆ ಸಾಕಾಗಿದೆ. ಮದುವೆ ನಿಲ್ಲಿಸಿ ಅವರು ಏನು ಮಾಡುತ್ತಾರೆ? ರಾಜೀಮತಿ ಬೆಳಗಿನಿಂದ ನೀರು ಮುಟ್ಟಿಲ್ಲ. ಅದನ್ನು ನೀವೆಲ್ಲ ಅಪರಾಧಕ್ಕೆ ಗುರುತು ಅಂದಿರಿ. ರಾಜಿ, ಯಾಕೆ ಊಟ ಮಾಡಲಿಲ್ಲ ಹೇಳು."

ರಾಜೀಮತಿ ತಲೆ ತಗ್ಗಿಸಿಕೊಂಡೇ ಹೇಳಿದಳು: "ಸ್ವಾಮಿ ಮುಖ ನೋಡಿರ್ಲಿಲ್ಲ. ನೋಡ್ದೆ ಉಣ್ಬಾರ್ದು ಅಂತ ಚಿಕ್ಕೋಳಿದ್ದಾಗಿಂದ ಅತ್ತೇನೇ ಕಲ್ಸಿದ್ದು."

 ಬಸವಲಿಂಗಮ್ಮ ಮರುದೇವಮ್ಮನ ಕಡೆ ತಿರುಗಿದರು.

"ಅಮ್ಮ, ಹೋದ ವರ್ಷ ಮೂರ್ತಿ ಬೆಳಗೊಳಕ್ಕೆ ಹೋಗಿದ್ದಾಗ ನೀವು ನೀರೂ ಕುಡಿಯಲಿಲ್ಲ. ಇವತ್ತು ಸ್ವಾಮಿ ಪೀಠದ ಮೇಲಿರಲಿಲ್ಲ, ಪೆಟ್ಟಿಗೆಗೆ ಬೀಗ ಬಿದ್ದಿತ್ತು, ನೀವು ಬಸದಿಗೂ ಹೋಗಲಿಲ್ಲ. ಆದರೆ ಹೊತ್ತಿಗೆ ಸರಿಯಾಗಿ ಊಟ ಮಾಡಿದಿರಿ. ನೀವು ಯಾವ ಕಾಲಕ್ಕೂ ನೇಮ ಮುರಿಯುವವರಲ್ಲ. ಅಂದಮೇಲೆ ಇವತ್ತು ಈ ಮನೆಯಲ್ಲಿ ಸ್ವಾಮಿಯ ಮುಖ ನೋಡಿದವರು ನೀವೊಬ್ಬರೇ."

ಬಸವಲಿಂಗಮ್ಮ ಆ ಮಜ್ಜಿಗೆಯನ್ನು ಯಾಕೆ ಮುಟ್ಟಲಿಲ್ಲವೆಂದು ನನಗೆ ಆಗ ತಿಳಿಯಿತು. ಅನಂತರಾಜಯ್ಯ ಎದ್ದು ನಿಂತು, ಬಾಯಿಗೆ ಬಂದಂತೆ ಮಾತಾಡಬೇಡಿ ಎಂದು ಬಸವಲಿಂಗಮ್ಮನಿಗೆ ಹೇಳಿ, ಅಕ್ಕನ ಮುಖ ನೋಡಿ ಮತ್ತೆ ಕೂತರು. ಮುದುಕಿ ಅಲ್ಲ ಎನ್ನಲಿಲ್ಲ. ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ ಎಂದು ಕಾಣುತ್ತದೆ. ಬೆಳಗ್ಗೆ ಹೇಳಿದ್ದ ಒಂದು ಸುಳ್ಳೇ ಅವರಿಗೆ ಸಾಕಾಗಿಹೋಗಿತ್ತು.

"ಬೆಳಕು ಅರ್ಯೋ ಮುಂಚೆ ಮಿಂದು ತೆಗ್ದೆ," ಎಂದರು. "ಕೈ ಮುಗ್ದು, ನೋಡಿ, ಆಮೇಲೇ ಇಟ್ಟಿದ್ದು."

"ಯಾಕತ್ತೆ?" ಎಂದಳು ರಾಜೀಮತಿ.

"ನೀನು ಬಿಟ್ಟೋದ್ರೆ ನಂಗೆ ಓದೋರ್ಯಾರೇ? ನಂಗೆ ಯಾರೂ ಅಕ್ಸರ ಕಲಿಸ್ನಿಲ್ಲ. ಗಂಡ ಸತ್ತೋಳಿಗೆ ಯಾಕೆ ಅಂದ್ರು. ಬೆಳಗಿಂದ ನೀರು ಸೋಸ್ತೀನಿ, ಅಕ್ಕಿ ಆರಿಸ್ತೀನಿ, ಅದೆಲ್ಲ ಮದ್ಯಾನ ಆಗ್ಲಿ ಅಂತ. ನೀನು ಆಸನಕ್ಕೆ ಒಂಟೋದ್ರೆ ನಂಗೆ ಮದ್ಯಾನ ಯಾವ್ದು?" ಆಮೇಲೆ ಎಸ್ತೇರಮ್ಮನ ಕಡೆ ಒಮ್ಮೆ ನೋಡಿದರು. "ಇವಳನ್ನ ಬಿಟ್ಬುಡ್ತಾರೆ ಅಂತಿದ್ದೆ. ಕತೇಲಿ ಆ ದಾಸೀನ ಬಿಟ್ಬುಡ್ತಾರೆ ತಾನೇ?"

ಆ ಪುಸ್ತಕದ ಎರಡೂ ಭಾಗ ಓದಿದವರು ಆ ಮನೆಯಲ್ಲಿ ಇಬ್ಬರೇ ಇದ್ದರು, ಬಸವಲಿಂಗಮ್ಮ ಮತ್ತು ಎಸ್ತೇರಮ್ಮ. ಬಸವಲಿಂಗಮ್ಮ ಎಸ್ತೇರಮ್ಮನ ಕಡೆ ನೋಡಿದರು.

ಎಸ್ತೇರಮ್ಮ ಕಂಕುಳಲ್ಲಿದ್ದ ಪುಸ್ತಕವನ್ನು ರಾಜೀಮತಿಯ ಮಡಿಲಲ್ಲಿಟ್ಟಳು. ಒಡೆದ ತುಟಿಯಲ್ಲಿ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. "ಎರಡನೇ ಭಾಗ ಇದು. ಈ ಮಗು ನನ್ನ ಕೈಲಿ ಭಾಷೆ ತಗೊಂಡಿತ್ತು ಕಣಮ್ಮ, ತಾನು ಮದುವೆಯಾಗಿ ಹೋದ ಮೇಲೆ ಬುಧವಾರ ಬುಧವಾರ ನಾನು ಬಂದು ನಿಮಗೆ ಓದಿ ಹೇಳಬೇಕು ಅಂತ. ಇವತ್ತೇ ನಿಮಗೆ ತಿಳಿಸೋಣ ಅಂತ ಬಂದೆ."

ಮರುದೇವಮ್ಮನ ಬಾಯಿ ತೆರೆದದ್ದು ತೆರೆದೇ ಇತ್ತು. ಅವರು ಅಳಲಿಲ್ಲ. ರಾಜೀಮತಿ ಪುಸ್ತಕ ತೆಗೆದುಕೊಂಡು ಎದ್ದು ತನ್ನ ಕೋಣೆಗೆ ಹೋದಳು. ಅತ್ತೆಯ ಪಕ್ಕದಲ್ಲೇ ಹಾದು ಹೋದರೂ ಅವರ ಕಡೆ ತಿರುಗಲಿಲ್ಲ.

ಕಳ್ಳರನ್ನು ಹುಡುಕಿಕೊಟ್ಟ ಮೇಲೆ ಸರಿಯಾದದ್ದು ನಡೆಯುತ್ತದೆ ಎಂದು ನಂಬುವವರು ಅನಂತರಾಜಯ್ಯ ಆಮೇಲೆ ಮಾಡಿದ್ದನ್ನು ಕೇಳಬೇಕು. ಎಸ್ತೇರಮ್ಮನಿಗೆ ಒಂದು ಹೊಸ ಹಿತ್ತಾಳೆ ಕೊಡ ಕೊಟ್ಟು ಕೈ ಮುಗಿದರು. ಅವಳು ಅದನ್ನು ಜಗಲಿಯ ಮೇಲೆಯೇ ಬಿಟ್ಟು ಗಾಡಿ ಹತ್ತಿದಳು. ನಮ್ಮನ್ನು ಬೇರೆ ಕರೆದು, ಅಕ್ಕನ ಹೆಸರು ಈ ಹೊಸ್ತಿಲು ದಾಟಬಾರದೆಂದು ಬೇಡಿಕೊಂಡರು.

"ಹಾಗಾದರೆ ಮಗಳ ಹೆಸರು?" ಎಂದರು ಬಸವಲಿಂಗಮ್ಮ. "ಅದಾಗಲೇ ಹೊಸ್ತಿಲು ದಾಟಿ ಬಸ್ಸು ಹತ್ತಿದೆ. ಈಗಲೇ ಹಾಸನಕ್ಕೆ ಹೋಗಿ ನಡೆದದ್ದನ್ನು ಹೇಳಿ. ಇಲ್ಲವೆಂದರೆ ನಾನು ಹೋಗುತ್ತೇನೆ."

"ಅಕ್ಕ ಇಡೀ ಜಲ್ಮ ನೇಮದಾಗೆ ಬದುಕಿದೋಳು ಕಣಮ್ಮ. ಈ ವಯಸ್ಸಿನಾಗೆ ಕಳ್ಳಿ ಅಂತ ಎಂಗನ್ಸಲಿ? ರಾಜಿ ಚಿಕ್ಕೋಳು. ಜನ ಮರೀತಾರೆ."

ಮಾರನೆಯ ದಿನ ನಿಶ್ಚಿತಾರ್ಥಕ್ಕೆ ಗಂಡಿನವರು ಬರಲಿಲ್ಲವೆಂದು ತಿಳಿದೊಡನೆ ಬಸವಲಿಂಗಮ್ಮ ನನ್ನನ್ನೂ ಕರೆದುಕೊಂಡು ಹಾಸನಕ್ಕೆ ಹೋದರು. ಗಂಡಿನವರು ನಮ್ಮನ್ನು ಕೂರಿಸಿ ಹಾಲು ಕೊಟ್ಟು ಎಲ್ಲವನ್ನೂ ಕೇಳಿದರು. ಹುಡುಗಿಯ ತಂದೆಯೇ ಬಂದು ಹೇಳದ ಮಾತನ್ನು ಸ್ಕೂಲಿನ ಹೆಂಗಸರು ಹೇಳಿದರೆ ಹೇಗೆ ನಂಬುವುದು ಎಂದು ಬಹಳ ಮರ್ಯಾದೆಯಿಂದ ಕೇಳಿ, ತಾಂಬೂಲ ಕೊಟ್ಟು ಕಳಿಸಿದರು. ಇಂದ್ರಕುಮಾರ್ ಬಾಗಿಲ ಮರೆಯಲ್ಲಿ ನಿಂತಿದ್ದ, ಹೊರಗೆ ಬರಲಿಲ್ಲ. ಅವನನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಎಸ್ತೇರಮ್ಮನ ಪೆಟ್ಟಿಗೆ ಮತ್ತೆ ಆ ಸೀಮೆಗೆ ಬರಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಕೇಳಿದೆ, ಕತೆಯಲ್ಲಿ ಬೆಳ್ಳಿ ಬಟ್ಟಲು ಬಚ್ಚಿಟ್ಟವರು ಯಾರು ಎಂದು. ಬಸವಲಿಂಗಮ್ಮ ಕಿಟಕಿಯಾಚೆ ನೋಡುತ್ತಲೇ ಹೇಳಿದರು: "ಆ ಮನೆಯ ಮಗಳನ್ನು ಸಾಕಿದ ಮುದುಕಿ ದಾದಿ. ಅವಳನ್ನು ಬಿಟ್ಟಿರಲಾರದೆ. ತೆಕ್ಲ ತಿರುಗಿ ಬರುವುದಿಲ್ಲ."

ಎಂಟು ವರ್ಷದ ಮೇಲೆ, ಬಸವಲಿಂಗಮ್ಮ ರಿಟೈರಾಗಿ ಅರಕಲಗೂಡಿಗೆ ಹೋಗಿಯಾದ ಮೇಲೆ, ಸ್ಕೂಲಿಗೆ ಹೆಣ್ಣುಮಕ್ಕಳನ್ನು ಸೇರಿಸಲು ಹಳ್ಳಿ ಸುತ್ತುತ್ತ ನಾನು ಹಿರೀಕೊಪ್ಪಲಿಗೆ ಹೋದೆ. ಜನ ಏನನ್ನೂ ಮರೆತಿರಲಿಲ್ಲ. ರಾಜೀಮತಿಗೆ ಆಮೇಲೆ ಒಂದು ಸಂಬಂಧವೂ ಕೂಡಿಬಂದಿರಲಿಲ್ಲ. ಧರಣೇಂದ್ರಯ್ಯನೂ ಬೇಡವೆಂದು ತುಮಕೂರಿನ ಕಡೆಯ ಹೆಣ್ಣು ತಂದಿದ್ದ. ಮಧ್ಯಾಹ್ನದ ಹೊತ್ತು. ಅದೇ ಕೋಣೆ, ಅದೇ ಕಿಟಕಿ. ರಾಜೀಮತಿ ಗೋಡೆಗೊರಗಿ ಪುಸ್ತಕ ಓದುತ್ತಿದ್ದಳು. ಎದುರಿಗೆ ಮರುದೇವಮ್ಮ ಮೊಣಕಾಲು ಮಡಚಿಕೊಂಡು ಕೂತು, ಕಣ್ಣು ಕಿರಿದು ಮಾಡಿ ಅವಳ ಮುಖವನ್ನೇ ನೋಡುತ್ತಿದ್ದರು.

"ದಿನಾ ಇಂಗೇ," ಎಂದರು ಚಕ್ರೇಶ್ವರಮ್ಮ ನನ್ನ ಕಿವಿಯಲ್ಲಿ. "ಇದೇ ಒತ್ತಿಗೆ ಬಂದು ಅತ್ತಿಗೆ ಮುಂದೇನೇ ಕೂತ್ಕೋತಾಳೆ. ತುಟಿ ಬಿಚ್ಚಲ್ಲ. ಆವತ್ತಿಂದ ಒಂದಕ್ಸರ ಗಟ್ಟಿಯಾಗಿ ಓದಿಲ್ಲ."

ಹತ್ತಿರ ಹೋದಾಗ ನೋಡಿದೆ, ಪುಸ್ತಕ 'ಸುರಂಗದ ದೀಪ', ಎರಡನೆಯ ಭಾಗ. ಅಂಚುಗಳು ಸವೆದು ಮೂಲೆಗಳು ಗುಂಡಗಾಗಿದ್ದವು. ಎಷ್ಟು ಸಲ ಓದಿದ್ದಳೋ ದೇವರಿಗೇ ಗೊತ್ತು. ಅವಳು ನನಗೆ ತಲೆಯಾಡಿಸಿ, ಮತ್ತೆ ಪುಟಕ್ಕೆ ಕಣ್ಣು ಹಾಕಿದಳು. ನಾನು ಹೊರಡಲು ಎದ್ದಾಗ ಮುದುಕಿ ನನ್ನ ಸೆರಗು ಹಿಡಿದರು.

"ನಿಮ್ಮ ಎಡ್ಮೇಡಮ್ಮು ಅದ್ನ ಪೂರ್ತಿ ಓದವ್ರಂತಲ್ಲ. ಆ ಬೆಳ್ಳಿ ಬಟ್ಲು ಬಚ್ಚಿಟ್ಟೋರು ಯಾರು ಅಂತ ಗೊತ್ತಾಯ್ತಾ?"

ನಾನು ರಾಜೀಮತಿಯ ಕಡೆ ನೋಡಿದೆ. ಅವಳು ತಲೆಯೆತ್ತಲಿಲ್ಲ. ಆ ಮುದುಕಿಯ ಮೇಲೆ ನನಗೆ ಎಂಟು ವರ್ಷದ ಸಿಟ್ಟಿತ್ತು, ಆದರೂ ಬಾಯಿ ಬಿಟ್ಟು, "ಹೇಳಲೇ?" ಎಂದೆ.

ಮರುದೇವಮ್ಮ ನನ್ನ ಸೆರಗು ಬಿಟ್ಟರು.

"ಬ್ಯಾಡ. ಅವಳೇ ಓದ್ಲಿ," ಎಂದರು.

ರಾಜೀಮತಿ ಪುಟ ತಿರುವಿದಳು. ಮುದುಕಿ ಕೇಳಿಸಿಕೊಳ್ಳಲು ಮುಂದಕ್ಕೆ ಬಾಗಿ ಕೂತರು.